ರೋಡ್ಸ್ ದ್ವೀಪ: ಹೊಳೆಯುವ ಬೀದಿ ಬಿಟ್ಟು ಗಲ್ಲಿಗೆ ಹೋಗಿ

ಮೊದಲೇ ಹೇಳಿಬಿಡುತ್ತೇನೆ, ನಾನು ಪ್ರವಾಸ ಬರೆಯುವವನಲ್ಲ. ಕಲಬುರಗಿ ನೆಹರೂ ಗಂಜ್‌ನಲ್ಲಿ ನಮ್ಮದು ತೊಗರಿ ವ್ಯಾಪಾರ, ಅಪ್ಪನ ಕಾಲದಿಂದ. ಚೀಲಕ್ಕೆ ಕೈ ಹಾಕಿ ಒಂದು ಮುಷ್ಟಿ ಬೇಳೆ ತೆಗೆದರೆ ಸಾಕು, ಎಣ್ಣೆ ಹಚ್ಚಿ ಪಾಲಿಶ್ ಮಾಡಿದ್ದು ಯಾವುದು, ಮಿಲ್‌ನಿಂದ ಹಾಗೇ ಬಂದದ್ದು ಯಾವುದು ಅಂತ ಬೆರಳಿಗೇ ಗೊತ್ತಾಗುತ್ತದೆ. ನನಗೆ ಬರುವ ವಿದ್ಯೆ ಅದೊಂದೇ. ಗ್ರೀಸ್‌ನ ರೋಡ್ಸ್ ದ್ವೀಪದಲ್ಲಿ ಆರು ದಿನ ಇದ್ದು ಬಂದ ಮೇಲೆ ಅನಿಸಿದ್ದು, ಊರು ನೋಡಲಿಕ್ಕೂ ಆ ವಿದ್ಯೆ ಸಾಕು. ಅಂಗಡಿಗೆ ಬಂದವರೆಲ್ಲ ಹೇಗಿತ್ತು, ಎಷ್ಟು ಖರ್ಚಾಯ್ತು, ಊಟಕ್ಕೇನು ಮಾಡಿದ್ರಿ ಅಂತ ಕೇಳಿ ಕೇಳಿ ತಲೆ ತಿಂದಿದ್ದಾರೆ. ಅದಕ್ಕೇ ಒಂದೇ ಸಲ ಬರೆದು ಹಾಕುತ್ತಿದ್ದೇನೆ.

ಮಗ ಮ್ಯೂನಿಕ್‌ನಲ್ಲಿದ್ದಾನೆ. ಅವನನ್ನು ನೋಡಲಿಕ್ಕೆ ಹೋದಾಗ ಸೆಪ್ಟೆಂಬರ್ ಕೊನೆಯಲ್ಲಿ ಅವನೇ ಕರೆದುಕೊಂಡು ಹೋದ. ಗ್ರೀಸ್ ಅಂದರೆ ನಮಗೆ ಗೊತ್ತಿದ್ದದ್ದು ಕ್ಯಾಲೆಂಡರ್‌ನಲ್ಲಿ ಬರುವ ಬಿಳಿ ಮನೆ, ನೀಲಿ ಗುಮ್ಮಟದ ಸ್ಯಾಂಟೊರಿನಿ. "ಅದು ಬ್ಯಾಡಪ್ಪಾ, ಫೋಟೋ ಹೊಡೆಯೋರ ಜಾತ್ರೆ ಅದು. ರೋಡ್ಸ್‌ಗೆ ಹೋಗೋಣ, ಅಲ್ಲಿ ಕೋಟಿ ಅದ" ಅಂದ. ಅವನ ತಾಯಿ ತಕ್ಷಣ, "ಕೋಟಿ ನೋಡ್ಲಿಕ್ಕ ಅಷ್ಟು ದೂರ ಯಾಕ ಹೋಗ್ಬೇಕೋ, ನಮ್ಮೂರಾಗ ಇಲ್ಲೇನು?" ಅಂದಳು. ಅವಳ ತವರು ಬೀದರ್. ಅವಳ ಲೆಕ್ಕದಲ್ಲಿ ನಮ್ಮ ಕಲಬುರಗಿ ಕೋಟೆಯೂ ಎರಡನೇ ನಂಬರ್ ಮಾಲು.

ಕೋಟೆಯ ವಿಷಯಕ್ಕೇ ಬರುತ್ತೇನೆ, ಯಾಕಂದರೆ ರೋಡ್ಸ್‌ನ ಜೀವ ಇರುವುದೇ ಅಲ್ಲಿ. ಹಳೇ ಊರಿಗೆ ಊರೇ ಕೋಟೆಯೊಳಗಿದೆ. ಸುತ್ತ ಸುಮಾರು 4 ಕಿಲೋಮೀಟರ್ ಗೋಡೆ, ಹೊರಗೆ ಆಳವಾದ ಕಂದಕ. 1988ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದೆ. ಒಳಗೆ ಇವತ್ತಿಗೂ ಜನ ಸಂಸಾರ ಮಾಡುತ್ತಾರೆ, ಬಟ್ಟೆ ಒಣಹಾಕುತ್ತಾರೆ, ಹುಡುಗರು ಚೆಂಡು ಆಡುತ್ತಾರೆ, ಕಮಾನಿನ ಕೆಳಗೆ ಸ್ಕೂಟರ್ ನಿಂತಿರುತ್ತದೆ. ನಮ್ಮ ಕೋಟೆಯೊಳಗಿನ ಮನೆಗಳನ್ನು ನೋಡಿದವರಿಗೆ ಇದು ಹೊಸದಲ್ಲ. ಮಾಳಿಗೆಯ ಮೇಲೆ ಮಲಗಿದ್ದ ಬೆಕ್ಕೂ ನಮ್ಮ ಕಡೆಯ ಬೆಕ್ಕಿನ ಹಾಗೇ ಮುಖ ತಿರುಗಿಸಿಕೊಂಡಿತು.

ಇದನ್ನು ಕಟ್ಟಿದವರು ಗ್ರೀಕರಲ್ಲ ಅನ್ನುವುದು ನನಗೆ ಹೋಗುವ ತನಕ ಗೊತ್ತೇ ಇರಲಿಲ್ಲ. ಸೇಂಟ್ ಜಾನ್ ಪಂಗಡದ ನೈಟ್‌ಗಳು, ಅಂದರೆ ಅರ್ಧ ಸನ್ಯಾಸಿ ಅರ್ಧ ಸೈನಿಕ ಅನ್ನಬಹುದಾದ ಜನ, 1309ರಿಂದ 1522ರ ತನಕ ಇಲ್ಲಿ ಆಳಿದರು. ಯುರೋಪಿನ ಬೇರೆ ಬೇರೆ ಕಡೆಯಿಂದ ಬಂದವರು, ಆಡುವ ಮಾತಿನ ಪ್ರಕಾರ ಗುಂಪು ಮಾಡಿಕೊಂಡಿದ್ದರು. ಆ ಗುಂಪಿಗೆ ಹೆಸರೇ 'ನಾಲಗೆ'. ಫ್ರಾನ್ಸ್ ನಾಲಗೆ, ಇಟಲಿ ನಾಲಗೆ, ಇಂಗ್ಲೆಂಡ್ ನಾಲಗೆ, ಜರ್ಮನಿ ನಾಲಗೆ, ಹೀಗೆ ಏಳೆಂಟು. ಕೋಟೆ ಗೋಡೆಯ ಒಂದೊಂದು ಭಾಗದ ಕಾವಲು ಒಂದೊಂದು ನಾಲಗೆಗೆ. ಕನ್ನಡದಲ್ಲಿ ರೇಟು ಕೇಳಿ, ದಖ್ಖನಿಯಲ್ಲಿ ಚೌಕಾಸಿ ಮಾಡಿ, ಮರಾಠಿ ತೆಲುಗು ಮಾತಾಡುವ ಲಾರಿಯವರ ಹತ್ತಿರ ಮಾಲು ಇಳಿಸಿಕೊಳ್ಳುವ ಗಂಜ್‌ನಲ್ಲಿ ಬೆಳೆದ ನನಗೆ ಈ ವ್ಯವಸ್ಥೆ ಭಾಳ ಹಿಡಿಸಿತು.

ಈ ನಾಲಗೆಗಳ ಬಿಡದಿಗಳು ಇರುವ ಬೀದಿಗೆ ನೈಟ್‌ಗಳ ಬೀದಿ ಅಂತಲೇ ಹೆಸರು. ನೇರವಾಗಿ ಏರುತ್ತಾ ಹೋಗುವ ಕಲ್ಲು ಹಾಸಿದ ರಸ್ತೆ, ಎರಡೂ ಕಡೆ ಜೇನುಬಣ್ಣದ ಕಲ್ಲಿನ ಕಟ್ಟಡ, ಬಾಗಿಲ ಮೇಲೆ ಲಾಂಛನ. ಚೊಕ್ಕಟ ಅಂದರೆ ಚೊಕ್ಕಟ. ಒಂದು ಅಂಗಡಿ ಇಲ್ಲ, ಒಂದು ತಂತಿ ನೇತಾಡುವುದಿಲ್ಲ. ಎಲ್ಲರೂ ಅಲ್ಲಿ ನಿಂತು ವಾಹ್ ವಾಹ್ ಅನ್ನುತ್ತಿದ್ದರು. ನನಗೆ ಮಾತ್ರ ಬೆರಳ ತುದಿಯಲ್ಲಿ ಎಣ್ಣೆ ತಗಲಿದ ಹಾಗಾಯಿತು. ಮಗನಿಗೆ ಹೇಳಿದೆ, ಇದು ಪಾಲಿಶ್ ಮಾಲು ಕಣೋ ಅಂತ. ಅವನು ನಕ್ಕ. ಆಮೇಲೆ ಓದಿ ನೋಡಿ ಅವನೇ ಒಪ್ಪಿಕೊಂಡ. 1912ರಲ್ಲಿ ಇಟಲಿಯವರು ದ್ವೀಪ ಹಿಡಿದ ಮೇಲೆ ಈ ಬೀದಿಯನ್ನು ತಿದ್ದಿ ತೀಡಿದ್ದಾರೆ, ತುರ್ಕರ ಕಾಲದಲ್ಲಿ ಸೇರಿಸಿದ್ದ ಮರದ ಬಾಲ್ಕನಿಗಳನ್ನೆಲ್ಲ ಕಿತ್ತು ಹಾಕಿದ್ದಾರೆ. ಕಲ್ಲು ಹಳೇದೇ. ಹೊಳಪು ಮಾತ್ರ ಆಮೇಲಿನದು.

ಬೀದಿಯ ತುದಿಯಲ್ಲಿರುವ ಗ್ರ್ಯಾಂಡ್ ಮಾಸ್ಟರ್, ಅಂದರೆ ನೈಟ್‌ಗಳ ಮುಖ್ಯಸ್ಥನ ಅರಮನೆಯದು ಇನ್ನೂ ದೊಡ್ಡ ಕತೆ. ಟಿಕೆಟ್ ತೆಗೆದುಕೊಂಡು ಒಳಗೆ ಹೋದರೆ ಎತ್ತರದ ಹಜಾರಗಳು, ನೆಲದ ಮೇಲೆ ಬಣ್ಣಬಣ್ಣದ ಕಲ್ಲಿನ ಚಿತ್ತಾರ. ಆ ಚಿತ್ತಾರ ರೋಮನ್ ಕಾಲದ್ದು, ನಿಜ, ಆದರೆ ಪಕ್ಕದ ಕೋಸ್ ದ್ವೀಪದಿಂದ ಎತ್ತಿಕೊಂಡು ಬಂದು ಕೂಡಿಸಿದ್ದು. ಅರಮನೆಯಂತೂ 1856ರಲ್ಲಿ ಸಿಡಿದು ಹೋಗಿತ್ತು. ಹತ್ತಿರದ ಚರ್ಚಿನ ನೆಲಮಾಳಿಗೆಯಲ್ಲಿ ಎಂದೋ ಇಟ್ಟು ಮರೆತಿದ್ದ ಮದ್ದಿಗೆ ಸಿಡಿಲು ಬಡಿದು ಹೊತ್ತಿಕೊಂಡಿತಂತೆ. ಈಗ ನಿಂತಿರುವುದರಲ್ಲಿ ಬಹುಪಾಲು 1937ರಿಂದ 1940ರ ನಡುವೆ ಇಟಲಿಯವರು ಕಟ್ಟಿದ್ದು, ತಮ್ಮ ರಾಜನೂ ಮುಸೊಲಿನಿಯೂ ಬಂದರೆ ಇಳಿದುಕೊಳ್ಳಲಿಕ್ಕೆ ಅಂತ. ಮದ್ದು ಸಿಡಿದದ್ದು ಕೇಳಿದ ಕೂಡಲೇ ನನ್ನ ಹೆಂಡತಿ ಎದ್ದು ನಿಂತಳು. "ಗವಾನ್ ಮದರಸಾನೂ ಹಿಂಗೇ ಅಲ್ಲೇನ್ರಿ!" ಬೀದರ್‌ನ ಮಹಮೂದ್ ಗವಾನ್ ಮದರಸಾ 1472ರಲ್ಲಿ ಕಟ್ಟಿದ್ದು. 17ನೇ ಶತಮಾನದ ಕೊನೆಗೆ ಒಳಗಿಟ್ಟಿದ್ದ ಮದ್ದು ಸಿಡಿದು ಒಂದು ಮಿನಾರು ಸಮೇತ ಮುಂಭಾಗ ಹಾರಿಹೋಯಿತು. ಅಲ್ಲಿ ಮುರಿದದ್ದು ಮುರಿದ ಹಾಗೇ ಇದೆ, ಉಳಿದ ಗೋಡೆಯ ಮೇಲೆ ನೀಲಿ ಹೆಂಚು ಇನ್ನೂ ಅಷ್ಟಿಷ್ಟು ಕಾಣುತ್ತದೆ. ಎರಡರಲ್ಲಿ ಯಾವುದು ಇಷ್ಟ ಅಂದರೆ ನನ್ನ ಓಟು ಬೀದರ್‌ಗೆ. ಇದನ್ನು ಹೆಂಡತಿಗೆ ಹೆದರಿ ಬರೆಯುತ್ತಿಲ್ಲ.

ತಾರೀಖುಗಳೂ ಪಕ್ಕಪಕ್ಕದಲ್ಲೇ ಇವೆ ನೋಡಿ. 1480ರಲ್ಲಿ ತುರ್ಕರ ಸುಲ್ತಾನ ಎರಡನೇ ಮೆಹ್ಮದ್‌ನ ಸೈನ್ಯ ರೋಡ್ಸ್‌ಗೆ ಮುತ್ತಿಗೆ ಹಾಕಿ ಸೋತು ಹಿಂದಿರುಗಿತು. ಮರುವರ್ಷ ಇತ್ತ ಬಹಮನಿ ಸುಲ್ತಾನ ಸುಳ್ಳು ಪತ್ರ ನಂಬಿ ತನ್ನ ಮಂತ್ರಿ ಗವಾನ್‌ನ ತಲೆ ತೆಗೆಸಿದ. ಆಮೇಲೆ 1522ರಲ್ಲಿ ಸುಲೇಮಾನ್ ಸುಲ್ತಾನ ತಾನೇ ಬಂದು, ಸುಮಾರು ಆರು ತಿಂಗಳು ಹೊಡೆದಾಡಿ ಕೋಟೆ ಗೆದ್ದ. ಸೋತ ನೈಟ್‌ಗಳನ್ನು ಹಡಗು ಹತ್ತಿ ಹೋಗಲು ಬಿಟ್ಟ. ಅವರು 1530ರಲ್ಲಿ ಮಾಲ್ಟಾ ಸೇರಿಕೊಂಡರು.

ಆ ಮುತ್ತಿಗೆಗಳ ಕಲ್ಲಿನ ಗುಂಡುಗಳು ಈಗಲೂ ಕಂದಕದಲ್ಲಿ ಬಿದ್ದಿವೆ. ರೋಡ್ಸ್‌ನಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಇದೇ, ಅದಕ್ಕೆ ಟಿಕೆಟ್ಟೂ ಇಲ್ಲ. ಕಂದಕಕ್ಕೆ ಇಳಿದರೆ ಮೇಲಿನ ಗದ್ದಲ ಪೂರ್ತಿ ನಿಂತುಹೋಗುತ್ತದೆ. ಎರಡೂ ಕಡೆ ಗೋಡೆ, ನಡುವೆ ಹುಲ್ಲು, ಅಲ್ಲಲ್ಲಿ ಕುಂಬಳಕಾಯಿ ಗಾತ್ರದ ಗುಂಡು, ಕೆಲವು ಕಡೆ ಕಲ್ಲಂಗಡಿ ಅಂಗಡಿಯ ಹಾಗೆ ರಾಶಿ. ನಮ್ಮ ಕೋಟೆಯ ಮೇಲೆ 29 ಅಡಿ ಉದ್ದದ ಬಾರಾ ಗಜಿ ತೋಪು ಇದೆಯಲ್ಲ, ಅದು ನೆನಪಾಯಿತು. ಗುಂಡು ಅಲ್ಲಿ, ತೋಪು ಇಲ್ಲಿ. ಬೆಳಿಗ್ಗೆ ಏಳಕ್ಕೆ ಹೋಗಿ, ನಾಯಿ ತಿರುಗಿಸುವ ಒಬ್ಬಿಬ್ಬರು ಬಿಟ್ಟರೆ ಯಾರೂ ಇರುವುದಿಲ್ಲ.

ಇನ್ನು ಸಾಕ್ರೆಟಿಸ್ ಬೀದಿ. ಹೆಸರು ಕೇಳಿ ಮೋಸ ಹೋಗಬೇಡಿ. ತುರ್ಕರ ಕಾಲದಿಂದ ಬಜಾರು ಅದು, ಈಗ ಪೂರಾ ಟೂರಿಸ್ಟ್ ಬಜಾರು. ಫ್ರಿಜ್‌ಗೆ ಅಂಟಿಸುವ ಮ್ಯಾಗ್ನೆಟ್, ಚರ್ಮದ ಚಪ್ಪಲಿ, ಆಲಿವ್ ಸೋಪು, ಎಲ್ಲ ಅಂಗಡಿಯಲ್ಲೂ ಅದೇ ಮಾಲು. ಸುತ್ತಮುತ್ತಲ ಚೌಕಗಳ ಹೋಟೆಲ್‌ಗಳಲ್ಲಿ ಬೂಟಿನ ಆಕಾರದ ಗಾಜಿನಲ್ಲಿ ಬಿಯರ್ ಕೊಡುತ್ತಾರೆ. ರೇಟು ಕೇಳದೆ ಕೂತರೆ ಮುಗಿಯಿತು ಕತೆ. ಮೊದಲ ರಾತ್ರಿ ಹಸಿವಿಗೆ ಅಂಥದ್ದೇ ಒಂದು ಕಡೆ ಕೂತು, ನಾವು ಕೇಳದೇ ಇಟ್ಟ ಬ್ರೆಡ್ಡಿಗೂ ತಲೆಗಿಷ್ಟು ಅಂತ ದುಡ್ಡು ಕೊಟ್ಟು ಎದ್ದೆವು. ವ್ಯಾಪಾರಸ್ಥನಾಗಿ ನನಗೆ ಅವರ ಮೇಲೆ ಸಿಟ್ಟಿಲ್ಲ, ನನ್ನ ಮೇಲೇ ಸಿಟ್ಟು.

ಆದರೆ ಆ ಬೀದಿಯಿಂದ ಎಡಕ್ಕೋ ಬಲಕ್ಕೋ ಎರಡು ತಿರುವು ಒಳಗೆ ಹೋಗಿ ನೋಡಿ. ಪಾಲಿಶ್ ಆಗದ ಮಾಲು ಅಲ್ಲಿದೆ. ಗಲ್ಲಿಯ ಎರಡು ಗೋಡೆಗಳು ಒಂದನ್ನೊಂದು ತಳ್ಳಿಕೊಂಡು ಬೀಳದಿರಲಿ ಅಂತ ನಡುವೆ ಕಮಾನು ಕಟ್ಟಿದ್ದಾರೆ, ಭೂಕಂಪಕ್ಕೆ ಹೆದರಿ. ಬೀಗ ಹಾಕಿದ ಮಸೀದಿಗಳು, ಅರ್ಧ ಬಿದ್ದ ಚರ್ಚುಗಳು, ಅಂಜೂರದ ಗಿಡ ಹುಟ್ಟಿದ ಗೋಡೆಗಳು. ಸಾಕ್ರೆಟಿಸ್ ಬೀದಿಯ ತುದಿಯಲ್ಲಿ ತಿಳಿ ಗುಲಾಬಿ ಬಣ್ಣದ ಸುಲೇಮಾನ್ ಮಸೀದಿ, ಅದರ ಎದುರು 1793ರಲ್ಲಿ ಶುರುವಾದ ಹಾಫಿಜ್ ಅಹ್ಮದ್ ಆಗಾ ಗ್ರಂಥಾಲಯ. ಚಿಕ್ಕ ಅಂಗಳ, ನೆಲಕ್ಕೆ ಕಪ್ಪು ಬಿಳಿ ಬೆಣಚುಕಲ್ಲಿನ ಚಿತ್ತಾರ, ಒಳಗೆ ಅರಬ್ಬಿ, ಫಾರ್ಸಿ, ತುರ್ಕಿ ಹಸ್ತಪ್ರತಿಗಳು. ಆ ಕಪ್ಪು ಬಿಳಿ ನೆಲ ನೋಡಿ ಹೆಂಡತಿ "ಬಿದ್ರಿ ತಟ್ಟೆ ಇದ್ದಂಗದ" ಅಂದಳು. ಹೌದು, ಥೇಟ್ ಹಾಗೇ.

ಯಹೂದಿಗಳ ಕೇರಿಗೂ ಹೋಗಿ ಬನ್ನಿ. ಅಲ್ಲಿ ಕಹಾಲ್ ಶಲೋಮ್ ಅನ್ನುವ ಪ್ರಾರ್ಥನಾ ಮಂದಿರವಿದೆ, 1577ರದ್ದು, ಗ್ರೀಸ್‌ನಲ್ಲಿ ಇನ್ನೂ ನಡೆಯುತ್ತಿರುವ ಅಂಥ ಮಂದಿರಗಳಲ್ಲಿ ಅತ್ಯಂತ ಹಳೆಯದು. ಹತ್ತಿರದ ಚೌಕದಲ್ಲಿ ಕಡಲಕುದುರೆಗಳ ಕಾರಂಜಿ, ಅದರ ಪಕ್ಕ ಒಂದು ಕಪ್ಪು ಕಲ್ಲು. 1944ರ ಜುಲೈನಲ್ಲಿ ಜರ್ಮನ್ನರು ಇಲ್ಲಿಂದ 1,600ಕ್ಕೂ ಹೆಚ್ಚು ಯಹೂದಿಗಳನ್ನು ಹಡಗಿಗೆ ತುಂಬಿ ಔಶ್ವಿಟ್ಸ್ ಸಾವಿನ ಶಿಬಿರಕ್ಕೆ ಕಳಿಸಿದರು. ಬದುಕುಳಿದವರು 150ರ ಆಸುಪಾಸು. ಕೇರಿಯ ಮನೆಗಳು ಹಾಗೇ ಇವೆ, ಈಗ ಅದರಲ್ಲಿ ಬೇರೆಯವರಿದ್ದಾರೆ. ಕಾರಂಜಿ ಸುತ್ತ ಐಸ್‌ಕ್ರೀಂ ತಿನ್ನುತ್ತಿದ್ದವರ ನಡುವೆ ನಾವು ಮೂವರೂ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆವು.

ಈಗ ಎಲ್ಲರೂ ಕೇಳುವ ಪ್ರಶ್ನೆ. ಬಂದರಿನ ಬಾಯಿಗೆ ಎರಡೂ ಕಡೆ ಕಾಲಿಟ್ಟು ನಿಂತ ದೈತ್ಯ ಮೂರ್ತಿ, ಕೊಲೊಸಸ್, ನೋಡಿದ್ರಾ ಅಂತ. ಇಲ್ಲ. ಅಲ್ಲಿ ಏನೂ ಇಲ್ಲ. ಮಂದ್ರಾಕಿ ಬಂದರಿನ ಬಾಯಲ್ಲಿ ಎರಡು ಕಂಬದ ಮೇಲೆ ಎರಡು ಕಂಚಿನ ಜಿಂಕೆ ಇವೆ, ಪಕ್ಕದಲ್ಲಿ ಮೂರು ಗಾಳಿಗಿರಣಿ, ಅಷ್ಟೇ. ಕಾಲು ಅಗಲಿಸಿ ನಿಂತ ಚಿತ್ರವೂ ಆಮೇಲಿನವರ ಕಲ್ಪನೆ. ಆದರೆ ಅದರ ಕತೆ ನಮ್ಮಂಥ ವ್ಯಾಪಾರಿಗಳು ಕೇಳಬೇಕಾದದ್ದು. ಕ್ರಿ.ಪೂ. 305ರಲ್ಲಿ ಡಿಮೆಟ್ರಿಯಸ್ ಅನ್ನುವವನು ಮುತ್ತಿಗೆ ಹಾಕಿ, ಒಂದು ವರ್ಷ ಹೆಣಗಿ, ಆಗದೆ ವಾಪಸ್ ಹೋದ. ಹೋಗುವಾಗ ತನ್ನ ದೊಡ್ಡ ದೊಡ್ಡ ಯುದ್ಧ ಯಂತ್ರಗಳನ್ನು ಅಲ್ಲೇ ಬಿಟ್ಟ. ರೋಡ್ಸ್‌ನವರು ಅದನ್ನೆಲ್ಲ ಗುಜರಿಗೆ ಹಾಕಿ, ಬಂದ ದುಡ್ಡಲ್ಲಿ ಸೂರ್ಯದೇವನ ಸುಮಾರು 33 ಮೀಟರ್ ಎತ್ತರದ ಕಂಚಿನ ಮೂರ್ತಿ ಮಾಡಿಸಿದರು. ಮಾಡಿದವನು ಅದೇ ದ್ವೀಪದ ಲಿಂಡೋಸ್ ಊರಿನ ಖಾರೆಸ್. ಕ್ರಿ.ಪೂ. 280ರ ಸುಮಾರಿಗೆ ಮುಗಿಯಿತು, 226ರಲ್ಲಿ ಭೂಕಂಪಕ್ಕೆ ಮೊಣಕಾಲಲ್ಲಿ ಮುರಿದು ಬಿತ್ತು. ನಿಂತದ್ದು ಐವತ್ತು ಚಿಲ್ಲರೆ ವರ್ಷ, ಬಿದ್ದುಕೊಂಡಿದ್ದದ್ದು ಎಂಟು ನೂರು ವರ್ಷಕ್ಕೂ ಜಾಸ್ತಿ. ಕೊನೆಗೆ ಅರಬರು ಬಂದು ಅದರ ಕಂಚನ್ನು ಒಬ್ಬ ವ್ಯಾಪಾರಿಗೆ ಮಾರಿದರು, ಅವನು 900 ಒಂಟೆಗಳ ಮೇಲೆ ಹೇರಿಕೊಂಡು ಹೋದ ಅಂತ ಒಂದು ಹಳೇ ಕತೆ. ಗುಜರಿಯಿಂದ ಹುಟ್ಟಿ ಗುಜರಿಗೇ ಹೋದ ದೇವರು. ಆ ಒಂಟೆ ಬಾಡಿಗೆ ಎಷ್ಟಾಗಿರಬೇಕು ಅಂತ ನಾನು ಎರಡು ದಿನ ಲೆಕ್ಕ ಹಾಕಿದೆ.

ಲಿಂಡೋಸ್‌ಗೆ ಬಸ್ಸಿನಲ್ಲಿ ಹೋದೆವು, ಐವತ್ತು ಕಿಲೋಮೀಟರ್ ಹತ್ತಿರ. ಕ್ಯಾಲೆಂಡರ್ ಬೇಕಾದವರಿಗೆ ಬಿಳಿ ಮನೆ, ನೀಲಿ ಸಮುದ್ರ ಇಲ್ಲೂ ಇದೆ. ಊರಿನ ಮೇಲೆ 116 ಮೀಟರ್ ಎತ್ತರದ ಬಂಡೆ, ಅದರ ತಲೆಯ ಮೇಲೆ ಅಥೀನಾ ದೇವಿಯ ಗುಡಿ, ಗುಡಿಯ ಸುತ್ತ ಮತ್ತೆ ನೈಟ್‌ಗಳ ಗೋಡೆ. ಹತ್ತುವ ಮೆಟ್ಟಿಲ ಬುಡದಲ್ಲಿ ಬಂಡೆಗೇ ಕೆತ್ತಿದ ಹಡಗಿನ ಹಿಂಭಾಗ ಇದೆ, ಕ್ರಿ.ಪೂ. 2ನೇ ಶತಮಾನದ್ದು. ತುಂಬಾ ಜನ ಅದಕ್ಕೇ ಒರಗಿಕೊಂಡು ನೀರು ಕುಡಿಯುತ್ತಾ ನೋಡದೇ ಹೋಗುತ್ತಾರೆ. ಕತ್ತೆ ಮೇಲೆ ಕೂಡಿಸಿ ಮೇಲೆ ಕರೆದೊಯ್ಯುತ್ತಾರೆ, ಬೇಡ. ಆ ಬಿಸಿಲಲ್ಲಿ ಆ ಮೂಕಪ್ರಾಣಿಗಳ ಮುಖ ನೋಡಿದರೆ ನೀವೂ ಇಳಿದು ನಡೆಯುತ್ತೀರಿ. ಹನ್ನೊಂದರೊಳಗೆ ಹತ್ತಿ ಇಳಿದುಬಿಡಿ, ಮೇಲೆ ನೆರಳಿಲ್ಲ. ಚಿಟ್ಟೆಗಳ ಕಣಿವೆ ಅಂತ ಇನ್ನೊಂದು ಜಾಗ ಹೇಳುತ್ತಾರೆ, ಅವು ಚಿಟ್ಟೆಯೂ ಅಲ್ಲ, ಒಂದು ಜಾತಿಯ ಪತಂಗ. ಬೇಸಿಗೆಯಲ್ಲಿ ಸಾವಿರಾರು ಬರುತ್ತವಂತೆ. ಸೆಪ್ಟೆಂಬರ್ ಕೊನೆಗೆ ಹೋದ ನಮಗೆ ಕಂಡದ್ದು ಮರ, ನೆರಳು, ಎರಡು ಪತಂಗ.

ಊಟ. ನಾವು ಶಾಕಾಹಾರಿಗಳು. ಖಡಕ್ ರೊಟ್ಟಿ, ಸೇಂಗಾ ಹಿಂಡಿ ಕಟ್ಟಿಕೊಂಡು ಹೋಗಿದ್ದೆವು, ಅರ್ಧ ಹಾಗೇ ವಾಪಸ್ ಬಂತು. ಅಷ್ಟು ಚೆನ್ನಾಗಿ ಊಟ ಸಿಕ್ಕಿತು. ಪಿತರೂದ್ಯಾ ಅಂತ ಒಂದು ತಿಂಡಿ, ರೋಡ್ಸ್‌ನದೇ. ಕಡಲೆಗೆ ಈರುಳ್ಳಿ, ಟೊಮ್ಯಾಟೊ, ಪುದೀನಾ ಹಾಕಿ ಕರಿದದ್ದು. ಕಣ್ಣು ಮುಚ್ಚಿ ತಿಂದರೆ ನಮ್ಮ ಕಡಲೆ ವಡೆ, ಖಾರ ಮಾತ್ರ ಇಲ್ಲ. ಬದನೆ, ಆಲೂಗಡ್ಡೆ, ಟೊಮ್ಯಾಟೊ ಎಲ್ಲ ಆಲಿವ್ ಎಣ್ಣೆಯಲ್ಲಿ ಬೇಯಿಸಿದ ಬ್ರಿಯಾಮ್ ಬಂದಾಗ ಹೆಂಡತಿ "ಎಳ್ಳಮಾವಾಸಿ ಭಜ್ಜಿ, ಕಾಳು ಹಾಕೂದು ಮರ್ತಾರ" ಅಂದಳು. ಕರಿದ ಬಜ್ಜಿ ಅಲ್ಲ, ನಮ್ಮ ಕಡೆ ಎಳ್ಳಮಾವಾಸ್ಯೆಗೆ ಮಾಡುವ ಕಾಳು ತರಕಾರಿಯ ಪಲ್ಯ. ಮೊಸರಂತೂ ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದ ಹಾಗೆ ಗಟ್ಟಿ.

ಆಮೇಲೆ ಫಾವಾ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಕ್ಷಮಿಸಿ, ನನ್ನ ಕಸುಬಿನ ವಿಷಯ. ಹಳದಿ ಬೇಳೆ ಬೇಯಿಸಿ, ನುಣ್ಣಗೆ ಮಸೆದು, ಮೇಲೆ ಆಲಿವ್ ಎಣ್ಣೆ, ಹಸಿ ಈರುಳ್ಳಿ ಹಾಕಿ ಕೊಡುತ್ತಾರೆ. ನೋಡಲಿಕ್ಕೆ ನಮ್ಮ ಗಟ್ಟಿ ಬೇಳೆ. ಚಮಚ ಬಾಯಿಗಿಟ್ಟ ಕೂಡಲೇ ಗೊತ್ತಾಯಿತು, ತೊಗರಿ ಅಲ್ಲ, ಹಳದಿ ಬಟಾಣಿ. ಹಳದಿ ಬಟಾಣಿ ಆಮದು ಅಂದರೆ ತೊಗರಿ ರೇಟು ಬೀಳುತ್ತದೆ ಅಂತ ನಮ್ಮ ಗಂಜ್‌ನಲ್ಲಿ ಎಲ್ಲರ ಮುಖ ಗಂಟಾಗುತ್ತದೆ, ಇಲ್ಲಿ ಅದನ್ನೇ ದುಡ್ಡು ಕೊಟ್ಟು ತಿನ್ನುತ್ತಿದ್ದೇನಲ್ಲ ಅಂತ ನಗು ಬಂತು. ಇನ್ನೊಂದು ಮಜಾ ಇದೆ. ಸ್ಯಾಂಟೊರಿನಿಯಲ್ಲಿ ಬೆಳೆಯುವ ಹೆಸರುವಾಸಿ ಫಾವಾ ಬಟಾಣಿಯದಲ್ಲ, ಅದು ನಮ್ಮ ಕೇಸರಿ ಬೇಳೆಯ ದಾಯಾದಿ. ಅದೇ, ತೊಗರಿಗೆ ಕಲಬೆರಕೆ ಮಾಡಿದರು ಅಂತ ಕೇಸ್ ಬೀಳುವ ಕೇಸರಿ ಬೇಳೆಯ ಕುಲದ್ದು. ಜಾತಿ ಬೇರೆ, ಕುಲ ಒಂದೇ. ಅಲ್ಲಿ ಅದಕ್ಕೆ ಊರಿನ ಹೆಸರಿನ ಸರ್ಕಾರಿ ಮುದ್ರೆ ಇದೆ, 2019ರಲ್ಲಿ ನಮ್ಮ ಗುಲ್ಬರ್ಗಾ ತೊಗರಿ ಬೇಳೆಗೆ ಸಿಕ್ಕ ಜಿಐ ಟ್ಯಾಗ್ ಇದ್ದ ಹಾಗೆ. ರುಚಿ? ಪರವಾಗಿಲ್ಲ. ಒಂದು ಒಗ್ಗರಣೆ ಬಿದ್ದಿದ್ದರೆ ಮಾತೇ ಬೇರೆ ಇರುತ್ತಿತ್ತು.

ಕಾಫಿ ಬಗ್ಗೆ ಎಚ್ಚರ. ಗ್ರೀಕ್ ಕಾಫಿ ಸೋಸುವುದಿಲ್ಲ, ತಳದಲ್ಲಿ ಗಸಿ ಕೂತಿರುತ್ತದೆ. ಮೇಲಿನದನ್ನು ಗುಟುಕರಿಸಿ ಉಳಿದದ್ದು ಬಿಡಬೇಕು. ದುಡ್ಡು ಕೊಟ್ಟಿದ್ದೇವೆ ಅಂತ ಕೊನೇ ಹನಿ ತನಕ ಎತ್ತಿದರೆ ಹಲ್ಲೆಲ್ಲ ಕಪ್ಪು. ಯಾರು ಎತ್ತಿದ್ದು ಅಂತ ಕೇಳಬೇಡಿ.

ಇಳಿದುಕೊಳ್ಳುವ ವಿಷಯ. ನಾವು ಕೋಟೆಯೊಳಗೇ ಒಂದು ಹಳೇ ಮನೆಯ ರೂಮು ಹಿಡಿದಿದ್ದೆವು, ಹೆಸರು ಬೇಡ. ರೂಮು ಚೊಕ್ಕ, ಮನೆಯೊಡತಿ ಒಳ್ಳೆಯವರು, ಬರುವಾಗ ಅಂಗಳದ ನಿಂಬೆಹಣ್ಣು ಕಿತ್ತು ಕೊಟ್ಟರು. ಆದರೆ ಫೋಟೋದಲ್ಲಿ ತೋರಿಸಿದ ಸಮುದ್ರ ಬಚ್ಚಲ ಕಿಟಕಿಯಿಂದ, ಅದೂ ತುದಿಗಾಲಲ್ಲಿ ನಿಂತರೆ ಕಾಣುತ್ತಿತ್ತು. ಟ್ಯಾಕ್ಸಿ ಕೋಟೆ ಬಾಗಿಲಿಗೇ ಬಿಟ್ಟು ಹೋಯಿತು. ಗಲ್ಲಿಗಳ ನೆಲಕ್ಕೆ ಉರುಟು ಬೆಣಚುಕಲ್ಲನ್ನು ನಿಲ್ಲಿಸಿ ಹುಗಿದಿದ್ದಾರೆ. ಅದರ ಮೇಲೆ ಮೂರು ಟ್ರಾಲಿ ಎಳೆದುಕೊಂಡು ಹೋಗುವಾಗ ಎದ್ದ ಸದ್ದಿಗೆ ಕಿಟಕಿಗಳು ತೆರೆದವು, ನನ್ನ ಟ್ರಾಲಿಯ ಒಂದು ಚಕ್ರ ಅಲ್ಲೇ ಕಿತ್ತು ಉರುಳಿಹೋಯಿತು. ಹೆಂಡತಿಯ ಚಪ್ಪಲಿ ಎರಡನೇ ದಿನ ಕೈಕೊಟ್ಟಿತು. ಅದಕ್ಕೇ ಹೇಳುವುದು, ದಪ್ಪ ಅಟ್ಟೆಯ ಬೂಟು ಇಲ್ಲದೆ ಹೋಗಬೇಡಿ. ಮಂಡಿನೋವು ಇರುವ ಹಿರಿಯರು ಜೊತೆಗಿದ್ದರೆ ಕೋಟೆಯ ಹೊರಗೆ ಹೊಸ ಊರಿನಲ್ಲಿ ರೂಮು ಹಿಡಿಯಿರಿ, ನಡೆದೇ ಒಳಗೆ ಬರಬಹುದು. ಬಚ್ಚಲಲ್ಲಿ ಜೆಟ್ ಇರುವುದಿಲ್ಲ, ಕಾಗದವನ್ನೂ ಕಮೋಡಿಗೆ ಹಾಕಬೇಡಿ ಅಂತ ಬೋರ್ಡ್ ಇರುತ್ತದೆ. ಒಂದು ಪ್ಲಾಸ್ಟಿಕ್ ಮಗ್ ಒಯ್ಯಿರಿ, ನನ್ನ ಮಾತು ಕೇಳಿ.

ಯಾವಾಗ ಹೋಗಬೇಕು ಅಂದರೆ, ಮೇ ಇಲ್ಲವೇ ಸೆಪ್ಟೆಂಬರ್ ಕೊನೆ. ನಮ್ಮೂರ ಮೇ ಬಿಸಿಲು ಕಂಡವರಿಗೆ ಅಲ್ಲಿನ ಬಿಸಿಲು ಏನೂ ಅಲ್ಲ, ಆದರೆ ಜುಲೈ ಆಗಸ್ಟ್‌ನಲ್ಲಿ ಜನಜಂಗುಳಿ ವಿಪರೀತ, ಕಾಡ್ಗಿಚ್ಚಿನ ಭಯವೂ ಇದೆ. 2023ರ ಜುಲೈನಲ್ಲಿ ಸುಮಾರು 19,000 ಜನರನ್ನು ಹೋಟೆಲ್, ಮನೆಗಳಿಂದ ಖಾಲಿ ಮಾಡಿಸಿದ್ದರು. ನಾವು ಹೋದಾಗ ಸಮುದ್ರ ಇನ್ನೂ ಬೆಚ್ಚಗಿತ್ತು. 'ಎಲ್ಲಿ' ಬೀಚಿನಲ್ಲಿ ಹೆಂಡತಿ ಇಳಕಲ್ ಸೀರೆ ಮೊಣಕಾಲ ತನಕ ಎತ್ತಿ ಕಟ್ಟಿಕೊಂಡು ಒಂದು ತಾಸು ನೀರಲ್ಲಿ ನಿಂತಿದ್ದಳು. ಸುತ್ತ ಎಲ್ಲ ಬಿಕಿನಿ. ಯಾರೂ ತಿರುಗಿ ನೋಡಲಿಲ್ಲ. ಅಂದಹಾಗೆ ಬೀಚಿನ ಹೆಸರೇ ಎಲ್ಲಿ. "ಎಲ್ಲಿ ಇದ್ದೀರಿ" ಅಂತ ಊರಿಂದ ಫೋನ್ ಬಂದಾಗ "ಎಲ್ಲಿಯಲ್ಲೇ" ಅಂದ ಮಗ.

ಮನೆಗೆ ತರಲಿಕ್ಕೆ ಮೆಲೆಕೂನಿ ತನ್ನಿ, ಮ್ಯಾಗ್ನೆಟ್ ಬೇಡ. ಎಳ್ಳು, ಜೇನು, ಕಿತ್ತಳೆ ಸಿಪ್ಪೆ, ಮಸಾಲೆ ಹಾಕಿದ ಮೆತ್ತನೆ ಚಿಕ್ಕಿ. ಅಲ್ಲಿ ಮದುವೆಗೆ ಬಂದವರಿಗೆ ಇದನ್ನೇ ಹಂಚುತ್ತಾರೆ. ಗಂಜ್‌ನಲ್ಲಿ ಹಂಚಿದಾಗ ಹಮಾಲರಲ್ಲಿ ಹಿರಿಯರೊಬ್ಬರು ತಿಂದು, "ಎಳ್ಳು ಛಲೋ ಅದ ಸಾವ್ಕಾರ್ರ, ಬೆಲ್ಲ ಎಲ್ಲಿ?" ಅಂದರು.

ಮಾರ್ಕು ಹಾಕು ಅಂದರೆ ಐದಕ್ಕೆ ನಾಲ್ಕು. ಅರ್ಧ ಕಟ್ ಮಾಡಿದ್ದು, ಅರಮನೆಯಲ್ಲಿ ಹಳೇದೆಷ್ಟು ಹೊಸದೆಷ್ಟು ಅಂತ ನಾವೇ ಹುಡುಕಿಕೊಳ್ಳಬೇಕಾಯಿತಲ್ಲ, ಅದಕ್ಕೆ. ಇನ್ನರ್ಧ ಬೂಟ್ ಬಿಯರಿನ ಬೀದಿಗೆ. ಟ್ರಾಲಿಯ ಚಕ್ರಕ್ಕೆ ಕಟ್ ಮಾಡಿಲ್ಲ, ಅದನ್ನು ವಾಪಸ್ ಬಂದ ಮೇಲೆ ನಮ್ಮೂರ ಸೂಪರ್ ಮಾರ್ಕೆಟ್ ಬಜಾರಿನಲ್ಲಿ 80 ರೂಪಾಯಿಗೆ ಹಾಕಿಸಿಕೊಂಡೆ.